ಬಯೋಟೆಕ್‌ನಲ್ಲಿ ಯಾವ ಕೆಲಸಕ್ಕೆ ಯಾವ ದಾರಿ? ಒಂದು ಹೋಲಿಕೆಯ ಮಾರ್ಗದರ್ಶಿ

ವಿಟಮಿನ್ ಬಿ12 ಅನ್ನು ಯಾವ ಜೀವಿಯ ನೆರವೂ ಇಲ್ಲದೆ, ಬರೀ ರಸಾಯನಶಾಸ್ತ್ರದ ಬಲದಿಂದ ಕಟ್ಟಿ ನಿಲ್ಲಿಸಿದ್ದು 1972ರಲ್ಲಿ. ಅಮೆರಿಕದ ರಾಬರ್ಟ್ ವುಡ್‌ವರ್ಡ್ ಮತ್ತು ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಎಶೆನ್‌ಮೋಸರ್ ಅವರ ತಂಡಗಳು ಸೇರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವು. ಸುಮಾರು ನೂರು ಜನ, ಸುಮಾರು 70 ಹಂತ. ಕೆಲವು ಬ್ಯಾಕ್ಟೀರಿಯಾಗಳು ಇದೇ ಅಣುವನ್ನು ಸಕ್ಕರೆ ತಿಂದುಕೊಂಡು ತಮ್ಮ ಪಾಡಿಗೆ ತಾವು ಮಾಡುತ್ತವೆ. ಇವತ್ತು ಮಾತ್ರೆಗಳಲ್ಲಿ ಇರುವ ಬಿ12 ಬರುವುದು ಆ ಬ್ಯಾಕ್ಟೀರಿಯಾಗಳಿಂದಲೇ.

ಹಾಗಂತ ಜೀವಿಗಳ ದಾರಿಯೇ ಯಾವಾಗಲೂ ಮೇಲು ಅಂದುಕೊಳ್ಳಬೇಡಿ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಸಿಡಿಮದ್ದು ತಯಾರಿಸಲು ಅಸಿಟೋನ್ ಬೇಕಿತ್ತು. ಹೈಮ್ ವೈಜ್ಮನ್ ಎಂಬ ರಸಾಯನಶಾಸ್ತ್ರಜ್ಞ ಒಂದು ಬ್ಯಾಕ್ಟೀರಿಯಾ ಹಿಡಿದು, ಮೆಕ್ಕೆಜೋಳದ ಪಿಷ್ಟದಿಂದ ಅಸಿಟೋನ್ ಮಾಡಿಸಿದರು. (ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದವರು ಇವರೇ.) ಆ ಕಾಲಕ್ಕೆ ಅದು ದೊಡ್ಡ ಗೆಲುವು. ಆಮೇಲೆ ಪೆಟ್ರೋಲಿಯಂನಿಂದ ಅಸಿಟೋನ್ ಅಗ್ಗವಾಗಿ ಸಿಗತೊಡಗಿತು. ಬ್ಯಾಕ್ಟೀರಿಯಾಕ್ಕೆ ಕೆಲಸ ಹೋಯಿತು.

ಅದಕ್ಕೇ "ಬಯೋಟೆಕ್ ಒಳ್ಳೆಯದೋ ಕೆಟ್ಟದ್ದೋ" ಎಂಬ ವಾದಕ್ಕೆ ನಾನು ಕೂರುವುದಿಲ್ಲ. ಮುಂದಿರುವ ಕೆಲಸ ಯಾವುದು, ಅದಕ್ಕೆ ಎಷ್ಟು ದಾರಿಗಳಿವೆ, ಯಾವುದರಲ್ಲಿ ಏನು ಕಳೆದುಕೊಳ್ಳುತ್ತೇವೆ ಅಂತ ಕೇಳಿದರೆ ಮಾತು ಮುಂದಕ್ಕೆ ಹೋಗುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತಾರಲ್ಲ, ಈ ಬರಹವನ್ನು ಆ ಗಾದೆ ಇಟ್ಟುಕೊಂಡೇ ಓದಬಹುದು.

ಮೊದಲು, ಬಯೋಟೆಕ್ ಅಂದರೇನು?

ಜೀವಿಯನ್ನೋ, ಜೀವಿಯ ಒಂದು ಭಾಗವನ್ನೋ ಕೆಲಸಕ್ಕೆ ಹಚ್ಚಿ ನಮಗೆ ಬೇಕಾದ್ದನ್ನು ಮಾಡಿಸಿಕೊಳ್ಳುವುದು ಜೈವಿಕ ತಂತ್ರಜ್ಞಾನ. ಭಾಗ ಎಂದರೆ ಒಂದು ಜೀವಕೋಶ ಇರಬಹುದು, ಒಂದು ಕಿಣ್ವ (ರಾಸಾಯನಿಕ ಕ್ರಿಯೆಗೆ ಚುರುಕು ಕೊಡುವ ಪ್ರೋಟೀನ್) ಇರಬಹುದು, ಒಂದು ಜೀನ್ ಇರಬಹುದು. ಈ ಹೆಸರನ್ನು 1919ರಲ್ಲಿ ಟಂಕಿಸಿದವರು ಹಂಗೇರಿಯ ಕೃಷಿ ಎಂಜಿನಿಯರ್ ಕಾರ್ಲ್ ಎರೆಕಿ. ಅವರ ತಲೆಯಲ್ಲಿ ಇದ್ದದ್ದು ಡಿಎನ್‌ಎ ಅಲ್ಲ, ಹಂದಿಗಳು. ಹಂದಿ ಸಾಕಣೆಯನ್ನು ಕಾರ್ಖಾನೆಯ ಲೆಕ್ಕದಲ್ಲಿ ಮಾಡುವುದು ಹೇಗೆ, ಕಚ್ಚಾ ಮೇವನ್ನು ಜೀವಿಗಳ ಮೂಲಕ ಸರಕಾಗಿ ತಿರುಗಿಸುವುದು ಹೇಗೆ ಎಂಬ ಚಿಂತೆ ಅವರದು. ಡಿಎನ್‌ಎಯ ಜೋಡಿ ಸುರುಳಿ ಗೊತ್ತಾಗಿದ್ದೇ ಅದಾಗಿ 34 ವರ್ಷಕ್ಕೆ, 1953ರಲ್ಲಿ.

ಇದನ್ನು ಯಾಕೆ ಹೇಳಿದೆ ಅಂದರೆ, ಬಯೋಟೆಕ್ ಅಂದ ಕೂಡಲೇ ಜೀನ್ ಕತ್ತರಿಸುವುದು ಮಾತ್ರ ನೆನಪಾಗುತ್ತದೆ. ಆದರೆ ಯೀಸ್ಟ್ ಹಾಕಿ ಹಿಟ್ಟು ಉಬ್ಬಿಸುವುದೂ ಇದರಲ್ಲೇ ಬರುತ್ತದೆ. ಬಟ್ಟೆ ತೊಳೆಯುವ ಪುಡಿಯಲ್ಲಿ ರಕ್ತದ ಕಲೆ ಬಿಡಿಸುವ ಕಿಣ್ವವೂ ಇದರಲ್ಲೇ. ಸಗಣಿಯಿಂದ ಅನಿಲ ತೆಗೆಯುವುದೂ ಇದರಲ್ಲೇ. ಜೀನ್ ಕತ್ತರಿಸಿ ಅಂಟಿಸುವ ಕೆಲಸ ಶುರುವಾಗಿದ್ದು 1970ರ ದಶಕದಲ್ಲಿ. 1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಹೊರಗಿನ ಜೀನ್ ಒಂದನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದು ಅಲ್ಲಿ ಕೆಲಸ ಮಾಡುವಂತೆ ತೋರಿಸಿದರು. ಆಮೇಲಿನ ಅರ್ಧ ಶತಮಾನದ ಗದ್ದಲವೆಲ್ಲ ಅಲ್ಲಿಂದ ಬಂದದ್ದು. ಗದ್ದಲದ ನಡುವೆ ಹಳೆಯ ದಾರಿಗಳು ಕಾಣಿಸದೇ ಹೋಗುತ್ತವೆ.

ಕಾರ್ಖಾನೆಯೋ, ಹೊಲವೋ, ಬೂಷ್ಟೋ?

ಒಂದು ವಸ್ತು ಬೇಕು ಅಂದುಕೊಳ್ಳಿ. ಔಷಧಿಯೋ, ಆಮ್ಲವೋ, ಬಣ್ಣವೋ. ಅದನ್ನು ರಾಸಾಯನಿಕವಾಗಿ ಮಾಡಬಹುದು. ಗಿಡದಿಂದಲೋ ಪ್ರಾಣಿಯಿಂದಲೋ ತೆಗೆಯಬಹುದು. ಸೂಕ್ಷ್ಮಜೀವಿಗಳ ಕೈಯಲ್ಲಿ ಮಾಡಿಸಬಹುದು.

ನಾನು ಮೊದಲು ನೋಡುವುದು ಅಣುವಿನ ಗಾತ್ರ. ಆಸ್ಪಿರಿನ್‌ನಲ್ಲಿ ಇರುವುದು 21 ಪರಮಾಣು. ಅದಕ್ಕೆ ಬ್ಯಾಕ್ಟೀರಿಯಾ ಸಾಕುವುದು ದಂಡ, ರಸಾಯನಶಾಸ್ತ್ರವೇ ಸಾಕು. ಬಿ12ನಲ್ಲಿ 181. ಇಲ್ಲಿಗೇ ರಸಾಯನಶಾಸ್ತ್ರ ಏದುಸಿರು ಬಿಡುತ್ತದೆ, ಮೇಲೆ ನೋಡಿದೆವಲ್ಲ. ಇನ್ಸುಲಿನ್‌ನಲ್ಲಿ 788. ರೋಗಾಣುವನ್ನು ಹಿಡಿಯಲು ದೇಹ ಮಾಡುವ ಪ್ರತಿಕಾಯ ಎಂಬ ಪ್ರೋಟೀನಿನಲ್ಲಿ 20 ಸಾವಿರಕ್ಕೂ ಜಾಸ್ತಿ. ಇಷ್ಟು ದೊಡ್ಡ ಅಣುವನ್ನು ಜೀವಕೋಶವಲ್ಲದೆ ಬೇರೆ ಯಾರೂ ಲಾಭಕ್ಕೆ ಮಾಡಲಾರರು.

ಗಾತ್ರವೊಂದೇ ಅಲ್ಲ, ನಿಖರತೆಯೂ ಬೇಕು. ಸಣ್ಣ ಅಣುವಿನಲ್ಲೂ ಒಂದೇ ಥರದ ಐದಾರು ಜಾಗಗಳಿದ್ದು, ಅದರಲ್ಲಿ ಒಂದನ್ನು ಮಾತ್ರ ಬದಲಿಸಬೇಕಾದರೆ ರಾಸಾಯನಿಕ ವಿಧಾನ ತಡವರಿಸುತ್ತದೆ. ಕಿಣ್ವಕ್ಕೆ ಅದು ಹುಟ್ಟುಗುಣ. ವಿಟಮಿನ್ ಸಿ ಇದಕ್ಕೆ ಚೆಂದದ ಉದಾಹರಣೆ. 1930ರ ದಶಕದಲ್ಲಿ ಟಾಡೆಯುಸ್ ರೈಖ್‌ಸ್ಟೈನ್ ರೂಪಿಸಿದ ವಿಧಾನದಲ್ಲಿ ಹೆಚ್ಚಿನ ಹಂತಗಳೆಲ್ಲ ರಾಸಾಯನಿಕ. ನಡುವೆ ಒಂದು ಹಂತ ಮಾತ್ರ ಬ್ಯಾಕ್ಟೀರಿಯಾದ್ದು. ಸಕ್ಕರೆಯಂಥ ಸೋರ್ಬಿಟಾಲ್ ಅಣುವಿನ ಒಂದೇ ಒಂದು ಜಾಗವನ್ನು ಬದಲಿಸಿ ಉಳಿದದ್ದನ್ನು ಮುಟ್ಟದೇ ಬಿಡುವ ಕೆಲಸ ಅದು. ಇಂಥ ಬೆರಕೆ ದಾರಿ ನನಗೆ ತುಂಬ ಇಷ್ಟ. ಎರಡರಲ್ಲಿ ಒಂದನ್ನು ಆರಿಸಲೇಬೇಕು ಅಂತ ಯಾರೂ ಕಟ್ಟಳೆ ಹಾಕಿಲ್ಲ, ಅಲ್ವಾ?

ಕಚ್ಚಾ ವಸ್ತುವಿನ ವಿಷಯಕ್ಕೆ ಬಂದರೆ, ಸಿಟ್ರಿಕ್ ಆಮ್ಲವನ್ನು ಮೊದಲು ನಿಂಬೆಯಿಂದ ತೆಗೆಯುತ್ತಿದ್ದರು. ಆ ವ್ಯಾಪಾರದಲ್ಲಿ ಇಟಲಿಯದ್ದೇ ಹಿಡಿತ. 1917ರಲ್ಲಿ ಜೇಮ್ಸ್ ಕರಿ ಎಂಬವರು ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟು ಸಕ್ಕರೆಯಿಂದ ಈ ಆಮ್ಲವನ್ನು ಧಾರಾಳವಾಗಿ ಮಾಡುತ್ತದೆ ಎಂದು ಕಂಡುಕೊಂಡರು. ಎರಡು ವರ್ಷದಲ್ಲಿ ಕಾರ್ಖಾನೆ ಶುರುವಾಯಿತು. ಇವತ್ತು ಸಿಟ್ರಿಕ್ ಆಮ್ಲ ಅಂದರೆ ಬೂಷ್ಟಿನದ್ದೇ. ಬರ, ಯುದ್ಧ, ಸುಗ್ಗಿ ಯಾವುದಕ್ಕೂ ಕಾಯಬೇಕಿಲ್ಲ.

ಇದಕ್ಕೆ ತದ್ವಿರುದ್ಧ ಕತೆ ಆರ್ಟೆಮಿಸಿನಿನ್‌ನದು. ಮಲೇರಿಯಾಕ್ಕೆ ಬೇಕಾದ ಈ ಔಷಧಿ ಒಂದು ಬಗೆಯ ಮಾಚಿಪತ್ರೆ ಜಾತಿಯ ಗಿಡದಿಂದ ಬರುತ್ತದೆ. ಒಮ್ಮೆ ಬೆಲೆ ಆಕಾಶಕ್ಕೆ, ಮರುವರ್ಷ ಪಾತಾಳಕ್ಕೆ. ಇದನ್ನು ತಪ್ಪಿಸಲು ಜೇ ಕೀಸ್ಲಿಂಗ್ ಅವರ ತಂಡ ಯೀಸ್ಟ್‌ಗೆ ಜೀನ್‌ಗಳನ್ನು ಸೇರಿಸಿ, ಔಷಧಿಯ ಹಿಂದಿನ ಮೆಟ್ಟಿಲಾದ ಆಮ್ಲವನ್ನು 2006ರಲ್ಲಿ ತಯಾರಿಸಿತು. ವಿಜ್ಞಾನದ ದೃಷ್ಟಿಯಿಂದ ಅಮೋಘ ಕೆಲಸ. 2013ರಲ್ಲಿ ಸನೋಫಿ ಕಂಪನಿ ಇಟಲಿಯಲ್ಲಿ ಉತ್ಪಾದನೆ ಶುರುಮಾಡಿತು. ಅಷ್ಟರಲ್ಲಿ ರೈತರು ಗಿಡ ಜಾಸ್ತಿ ಬೆಳೆದಿದ್ದರು, ಬೆಲೆ ಇಳಿದಿತ್ತು. ಯೀಸ್ಟಿನ ಔಷಧಿಯೇ ದುಬಾರಿ ಅನ್ನಿಸಿ ಎರಡೇ ವರ್ಷದಲ್ಲಿ ಉತ್ಪಾದನೆ ನಿಂತಿತು. ತಂತ್ರ ಗೆದ್ದಿತು, ಲೆಕ್ಕ ಸೋತಿತು.

ಲೆಕ್ಕ ಸೋಲುವುದಕ್ಕೆ ಇನ್ನೊಂದು ಕಾರಣ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಅದು ನೀರು. ಸೂಕ್ಷ್ಮಜೀವಿಗಳು ಬೇಕಾದ ವಸ್ತುವನ್ನು ಮಾಡುವುದು ನೀರಿನಲ್ಲಿ, ಅದೂ ತೆಳ್ಳಗೆ. ನೂರು ಲೀಟರ್ ಕಲಕು ನೀರಿನಿಂದ ಒಂದಿಷ್ಟು ವಸ್ತುವನ್ನು ಬೇರ್ಪಡಿಸಿ ಶುದ್ಧ ಮಾಡುವ ಖರ್ಚು ಎಷ್ಟೋ ಸಲ ಬೆಳೆಸುವ ಖರ್ಚನ್ನು ಮೀರಿಸುತ್ತದೆ. ಹಾಗಾಗಿ ಯಾರಾದರೂ "ನಮ್ಮ ಬ್ಯಾಕ್ಟೀರಿಯಾ ಇದನ್ನು ಮಾಡುತ್ತದೆ" ಎಂದರೆ, ಲೀಟರಿಗೆ ಎಷ್ಟು ಗ್ರಾಂ ಅಂತ ಕೇಳಿ. ಆ ಒಂದು ಪ್ರಶ್ನೆಗೆ ಅರ್ಧ ಉತ್ಸಾಹ ಇಳಿದುಹೋಗುತ್ತದೆ.

ಯಾವ ಜೀವಿಯನ್ನು ಕೆಲಸಕ್ಕಿಡಬೇಕು?

ಜೀವಿಯೇ ಬೇಕು ಅಂತ ಆಯಿತು ಅನ್ನಿ. ಯಾವ ಜೀವಿ? ಪ್ರೋಟೀನ್ ಔಷಧಿಗಳ ಲೋಕದಲ್ಲಿ ಮುಖ್ಯವಾಗಿ ಮೂವರು ಕೆಲಸಗಾರರು: ಇ. ಕೋಲಿ ಬ್ಯಾಕ್ಟೀರಿಯಾ, ಯೀಸ್ಟ್, ಮತ್ತು ಸಿಎಚ್‌ಒ ಎಂಬ ಹ್ಯಾಮ್‌ಸ್ಟರ್ ಜೀವಕೋಶ.

ಇ. ಕೋಲಿಗೆ ಅವಸರ ಜಾಸ್ತಿ. ಅನುಕೂಲವಿದ್ದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ ವೇಗದಲ್ಲೇ ಹೋದರೆ ಒಂದು ಜೀವಕೋಶ ಹತ್ತು ಗಂಟೆಯಲ್ಲಿ 107 ಕೋಟಿ. ಮೇವು ಅಗ್ಗ, ಸಾಕುವುದು ಸುಲಭ. ಇನ್ಸುಲಿನ್‌ಗೆ ಮೊದಲು ಸಿಕ್ಕ ಕೆಲಸಗಾರ ಇದೇ. 1920ರ ದಶಕದಿಂದ ಇನ್ಸುಲಿನ್ ಬರುತ್ತಿದ್ದದ್ದು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ. ಹಂದಿಯ ಇನ್ಸುಲಿನ್‌ಗೂ ಮನುಷ್ಯರದ್ದಕ್ಕೂ ಒಂದೇ ಅಮೈನೋ ಆಮ್ಲದ ವ್ಯತ್ಯಾಸ, ದನದ್ದಕ್ಕೆ ಮೂರು. ಕೆಲಸ ನಡೆಯುತ್ತಿತ್ತು, ಆದರೆ ಕೆಲವರಿಗೆ ಅಲರ್ಜಿ. 1978ರಲ್ಲಿ ಮನುಷ್ಯರ ಇನ್ಸುಲಿನ್ ಜೀನ್ ಇ. ಕೋಲಿಯಲ್ಲಿ ಕೆಲಸ ಮಾಡಿತು. 1982ರಲ್ಲಿ ಅದು ಔಷಧಿಯಾಗಿ ಮಾರುಕಟ್ಟೆಗೆ ಬರಲು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಜೀನ್ ಬೆಸೆದು ಮಾಡಿದ ಮೊದಲ ಔಷಧಿ ಅದು.

ಬೆಳವಣಿಗೆಯ ಹಾರ್ಮೋನಿನ ವಿಷಯದಲ್ಲಿ ಅಲರ್ಜಿಗಿಂತ ದೊಡ್ಡ ಕಾರಣವಿತ್ತು. ಮೊದಲು ಅದನ್ನು ಸತ್ತವರ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರು. ಹಾಗೆ ಚುಚ್ಚುಮದ್ದು ಪಡೆದ ಕೆಲವರು ವರ್ಷಗಳ ನಂತರ ಮಿದುಳು ಕೊಳೆಸುವ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆಯಿಂದ ಸತ್ತರು. 1985ರಲ್ಲಿ ಅಮೆರಿಕದಲ್ಲಿ ಅದನ್ನು ನಿಲ್ಲಿಸಿದರು. ಅದೇ ವರ್ಷ ಬ್ಯಾಕ್ಟೀರಿಯಾದಲ್ಲಿ ಮಾಡಿದ ಹಾರ್ಮೋನಿಗೆ ಒಪ್ಪಿಗೆ ಸಿಕ್ಕಿತು. "ನೈಸರ್ಗಿಕವಾದದ್ದೇ ಸುರಕ್ಷಿತ" ಎನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

ಇ. ಕೋಲಿಯ ಕೊರತೆ ಏನೆಂದರೆ, ಪ್ರೋಟೀನನ್ನು ಮಾಡುತ್ತದೆ, ಒಪ್ಪ ಮಾಡುವುದಿಲ್ಲ. ದೊಡ್ಡ ಪ್ರೋಟೀನ್‌ಗಳು ಅದರ ಹೊಟ್ಟೆಯಲ್ಲಿ ಮುದ್ದೆಯಾಗಿ ಕೂರುತ್ತವೆ. ಹೊರತೆಗೆದು, ಕರಗಿಸಿ, ಮತ್ತೆ ಸರಿಯಾಗಿ ಮಡಚಬೇಕು. ನಮ್ಮ ದೇಹದ ಎಷ್ಟೋ ಪ್ರೋಟೀನ್‌ಗಳ ಮೈಮೇಲೆ ಸಕ್ಕರೆಯ ಸರಗಳಿರುತ್ತವೆ. ಅವನ್ನು ಇ. ಕೋಲಿ ಪೋಣಿಸಲಾರದು.

ಯೀಸ್ಟ್ ನಡುವಿನ ಹಾದಿ. ಸುಮಾರು 90 ನಿಮಿಷಕ್ಕೆ ಎರಡಾಗುತ್ತದೆ. ಅದರ ಜೀವಕೋಶಕ್ಕೆ ನಮ್ಮ ಜೀವಕೋಶದ ಹಾಗೆ ನ್ಯೂಕ್ಲಿಯಸ್ ಇದೆ, ಪ್ರೋಟೀನ್ ಮಡಚುವ ಕೋಣೆಗಳಿವೆ. ಹೆಪಟೈಟಿಸ್ ಬಿ ಲಸಿಕೆಯನ್ನು ಗೆಲ್ಲಿಸಿದ್ದು ಯೀಸ್ಟೇ. ವೈರಸ್ಸಿನ ಹೊರಮೈ ಪ್ರೋಟೀನ್ ಯೀಸ್ಟಿನಲ್ಲಿ ಪುಟ್ಟ ಗುಂಡುಗಳಾಗಿ ಜೋಡಿಸಿಕೊಳ್ಳುತ್ತದೆ. ನಮ್ಮ ರಕ್ಷಣಾ ವ್ಯವಸ್ಥೆಗೆ ಗುರುತು ಹಿಡಿಯಲು ಆ ಆಕಾರವೇ ಬೇಕು. ಈ ಲಸಿಕೆಗೆ 1986ರಲ್ಲಿ ಒಪ್ಪಿಗೆ ಬಂತು. ಅದಕ್ಕೂ ಮುಂಚಿನ ಲಸಿಕೆಯನ್ನು ಸೋಂಕಿತರ ರಕ್ತದಿಂದ ತಯಾರಿಸುತ್ತಿದ್ದರು ಎಂದರೆ ಬದಲಾವಣೆಯ ತೂಕ ಅರ್ಥವಾದೀತು. ಆದರೆ ಯೀಸ್ಟ್ ಪೋಣಿಸುವ ಸಕ್ಕರೆ ಸರ ನಮ್ಮದರ ಹಾಗಿರುವುದಿಲ್ಲ. ಅದರಲ್ಲಿ ಮ್ಯಾನೋಸ್ ಎಂಬ ಸಕ್ಕರೆ ತುಂಬಿರುತ್ತದೆ, ಅಂಥ ಪ್ರೋಟೀನನ್ನು ದೇಹ ಬೇಗ ಹೊರಗೆ ಹಾಕುತ್ತದೆ.

ಅಲ್ಲಿ ಬರುತ್ತದೆ ಸಿಎಚ್‌ಒ. 1957ರಲ್ಲಿ ಚೈನೀಸ್ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ ತೆಗೆದು ಬೆಳೆಸಿದ ಜೀವಕೋಶಗಳ ವಂಶ ಇದು. ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೋಪೊಯೆಟಿನ್ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಸಕ್ಕರೆಯದ್ದೇ. ಸಕ್ಕರೆ ಇಲ್ಲದಿದ್ದರೆ ಅದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲದು. ಹಾಗಾಗಿ ಅದಕ್ಕೆ ಸಿಎಚ್‌ಒ ಬೇಕಾಯಿತು, 1989ರಲ್ಲಿ ಒಪ್ಪಿಗೆ ಸಿಕ್ಕಿತು. ಕ್ಯಾನ್ಸರಿಗೂ ಕೀಲುಗಳ ಉರಿಯೂತಕ್ಕೂ ಕೊಡುವ ಪ್ರತಿಕಾಯ ಔಷಧಿಗಳಲ್ಲಿ ಬಹುಪಾಲು ಇದರದ್ದೇ ಕೈಕೆಲಸ.

ಆದರೆ ಇದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಮೇವು ದುಬಾರಿ. ಮೈ ಬಲು ನಾಜೂಕು. ಜೀವಕೋಶ ಬೆಳೆಸುವ ತೊಟ್ಟಿಗೆ (ಫರ್ಮೆಂಟರ್) ಒಂದೇ ಒಂದು ಬ್ಯಾಕ್ಟೀರಿಯಾ ನುಸುಳಿದರೂ ಮೇಲಿನ 107 ಕೋಟಿಯ ಲೆಕ್ಕ ನೆನಪಿಸಿಕೊಳ್ಳಿ, ಸಿಎಚ್‌ಒ ಒಂದು ಸಲ ಎರಡಾಗುವುದರೊಳಗೆ ಆಟ ಮುಗಿದಿರುತ್ತದೆ. ನಾನು ಓದುವಾಗ ಒಂದು ಶುಕ್ರವಾರ ಯೀಸ್ಟ್ ಬೆಳೆಯಲು ಇಟ್ಟು ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಫ್ಲಾಸ್ಕ್ ತುಂಬ ಹಸಿರು ಬೂಷ್ಟು. ಹತ್ತಿಯ ಬಿರಡೆಯನ್ನು ಸಡಿಲ ಮಾಡಿದ್ದು ನಾನೇ. ನನ್ನ ಫ್ಲಾಸ್ಕಿನಲ್ಲಿ ಹೋದದ್ದು ಅರ್ಧ ಲೀಟರ್. 2009ರಲ್ಲಿ ಅಮೆರಿಕದ ದೊಡ್ಡ ಕಾರ್ಖಾನೆಯೊಂದರಲ್ಲಿ ಸಿಎಚ್‌ಒ ಜೀವಕೋಶಗಳಿಗೆ ವೈರಸ್ ತಗುಲಿದಾಗ, ಅಪರೂಪದ ಕಾಯಿಲೆಗಳ ರೋಗಿಗಳಿಗೆ ಔಷಧಿಯೇ ಇಲ್ಲದಂತಾಯಿತು.

ನನ್ನ ಆಯ್ಕೆಯ ಕ್ರಮ ಸರಳ. ಪ್ರೋಟೀನ್ ಸಣ್ಣದು, ಸಕ್ಕರೆ ಬೇಡ ಅಂದರೆ ಇ. ಕೋಲಿ. ಆಕಾರ ಸರಿಯಾಗಿರಬೇಕು, ಸಕ್ಕರೆಯ ತಕರಾರಿಲ್ಲ ಅಂದರೆ ಯೀಸ್ಟ್. ಮನುಷ್ಯರ ಸಕ್ಕರೆ ಸರವೇ ಬೇಕು ಅಂದಾಗ ಮಾತ್ರ ಸಿಎಚ್‌ಒ. ಇನ್ಸುಲಿನ್‌ಗೆ ಸಕ್ಕರೆ ಸರ ಇಲ್ಲ. ಅದಕ್ಕೇ ಒಂದು ಕಂಪನಿ ಅದನ್ನು ಇ. ಕೋಲಿಯಲ್ಲಿ ಮಾಡಿದರೆ ಇನ್ನೊಂದು ಯೀಸ್ಟಿನಲ್ಲಿ ಮಾಡುತ್ತದೆ, ಎರಡೂ ನಡೆಯುತ್ತವೆ.

ಬೆಳೆಯ ತಳಿ ಸುಧಾರಿಸಲು

ಜಗಳ ಜಾಸ್ತಿ ಇರುವ ಜಾಗ ಇದು. ಇಲ್ಲಿ ಐದು ದಾರಿಗಳಿವೆ. ಅವುಗಳಲ್ಲಿ ಒಂದು, ಅಂಗಾಂಶ ಕೃಷಿ, ನಿಜವಾಗಿ ಸುಧಾರಣೆಯೇ ಅಲ್ಲ, ಬರೀ ನಕಲು ತೆಗೆಯುವುದು. ರೋಗವಿಲ್ಲದ ಒಳ್ಳೆ ಬಾಳೆಯ ಚಿಗುರಿನ ತುದಿಯಿಂದ ಸಾವಿರಾರು ಸಸಿ ಮಾಡಿಕೊಳ್ಳಬಹುದು. ಎಲ್ಲವೂ ಒಂದೇ ಸಮ. ಬೀಜವಿಲ್ಲದ ಬೆಳೆಗೆ, ಆರ್ಕಿಡ್‌ನಂಥ ತಡವಾಗಿ ಹೂಬಿಡುವ ಗಿಡಕ್ಕೆ ಇದು ವರ. ಆದರೆ ಎಲ್ಲ ಒಂದೇ ಸಮ ಅಂದರೆ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಗ್ರೋ ಮಿಶೆಲ್ ಬಾಳೆ ಪನಾಮಾ ರೋಗಕ್ಕೆ ಸಿಕ್ಕಿ 1960ರ ದಶಕದ ಹೊತ್ತಿಗೆ ರಫ್ತು ಮಾರುಕಟ್ಟೆಯಿಂದಲೇ ಕಾಣೆಯಾದದ್ದು ಹೀಗೆ. ಅದು ಲ್ಯಾಬಿನ ನಕಲಲ್ಲ, ಕಂದು ಕಿತ್ತು ನೆಟ್ಟ ನಕಲು. ಆದರೂ ಪಾಠ ಅದೇ.

ಬೇಕಾದ ಗುಣ ಅದೇ ಬೆಳೆಯ ಯಾವುದೋ ಹಳೇ ತಳಿಯಲ್ಲಿ ಇದೆಯೇ? ಹಾಗಿದ್ದರೆ ಎರಡು ತಳಿಗಳನ್ನು ಕೂಡಿಸಿ ಅಡ್ಡ ಹಾಯಿಸುವುದೇ ಸಾಕು. ತೊಡಕು ಒಂದೇ: ಒಳ್ಳೆ ಗುಣದ ಜೊತೆ ಬೇಡದ ಗುಣಗಳೂ ಅಂಟಿಕೊಂಡು ಬರುತ್ತವೆ. ಅವನ್ನು ಉದುರಿಸಲು ಆರೇಳು ತಲೆಮಾರು ಮತ್ತೆ ಮತ್ತೆ ಹಾಯಿಸಬೇಕು. ಈಗ ಡಿಎನ್‌ಎ ಗುರುತು ನೋಡಿ ಸಸಿಯಲ್ಲೇ ಆರಿಸಬಹುದಾದ್ದರಿಂದ ಕಾಲ ಉಳಿಯುತ್ತದೆ. ಭತ್ತದ ಸಬ್1ಎ ಜೀನ್ ಹೀಗೆ ಬಂದದ್ದು. ಎರಡು ವಾರ ಪೂರ್ತಿ ನೀರಿನಲ್ಲಿ ಮುಳುಗಿದ್ದರೂ ಗಿಡ ಬದುಕಿಕೊಳ್ಳುತ್ತದೆ. ಇದರಲ್ಲಿ ಹೊರಗಿನ ಜೀನ್ ಒಂದೂ ಇಲ್ಲ, ಹಳೇ ಭತ್ತದ ಗುಣ ಹೊಸ ಭತ್ತಕ್ಕೆ ಬಂತು ಅಷ್ಟೇ. ಬಯೋಟೆಕ್‌ನ ದೊಡ್ಡ ಗೆಲುವುಗಳಲ್ಲಿ ಇದನ್ನು ಎಣಿಸುವವರು ಕಡಿಮೆ, ಯಾಕೆಂದರೆ ಜಗಳ ಆಗಲಿಲ್ಲ.

ಗುಣ ಯಾವ ತಳಿಯಲ್ಲೂ ಇಲ್ಲದಿದ್ದರೆ? ವಿಕಿರಣ ಅಥವಾ ರಾಸಾಯನಿಕದಿಂದ ಡಿಎನ್‌ಎಗೆ ಪೆಟ್ಟು ಕೊಟ್ಟು, ಅದೃಷ್ಟಕ್ಕೆ ಏನಾದರೂ ಒಳ್ಳೆಯದು ಬಂದೀತೇ ಎಂದು ಹುಡುಕುವುದು ಒಂದು ದಾರಿ. ಕಣ್ಣು ಕಟ್ಟಿಕೊಂಡು ಕಲ್ಲು ಬೀಸಿದ ಹಾಗೆ. ಆದರೂ ಇಂಥ 3,200ಕ್ಕೂ ಹೆಚ್ಚು ತಳಿಗಳು ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಮತ್ತು ಐಎಇಎ (ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ) ಪಟ್ಟಿಯಲ್ಲಿವೆ. ಸೂಕ್ಷ್ಮಜೀವಿಗಳಲ್ಲಂತೂ ಈ ದಾರಿ ಬಲು ಫಲ ಕೊಟ್ಟಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪಿಯೋರಿಯಾ ಊರಿನಲ್ಲಿ ಬೂಷ್ಟು ಹಿಡಿದ ಒಂದು ಕರಬೂಜ ಹಣ್ಣು ಸಿಕ್ಕಿತು. ಅದರ ಬೂಷ್ಟಿಗೆ ಎಕ್ಸ್-ರೇ, ನೇರಳಾತೀತ ಬೆಳಕು ಹಾಯಿಸಿ ಪೆನಿಸಿಲಿನ್ ಇಳುವರಿಯನ್ನು ಹತ್ತಾರು ಪಟ್ಟು ಏರಿಸಿದರು. ಒಂದು ಜೀನ್ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ಬೇರೆ ಜೀವಿಯ ಜೀನ್ ತಂದು ಸೇರಿಸುವ ಕುಲಾಂತರಿ ದಾರಿ ಬೇಕಾಗುವುದು ಗುಣ ಬೇರೆ ಜೀವಿಯಲ್ಲಿ ಮಾತ್ರ ಇದ್ದಾಗ. ಹವಾಯಿಯ ಪಪ್ಪಾಯಿ ಇದಕ್ಕೆ ಸರಿಯಾದ ಉದಾಹರಣೆ. ಉಂಗುರ ಚುಕ್ಕೆ ವೈರಸ್ 1990ರ ದಶಕದಲ್ಲಿ ಅಲ್ಲಿನ ತೋಟಗಳನ್ನು ಮುಗಿಸುತ್ತಾ ಬಂತು. ತಡೆಯುವ ತಳಿ ಯಾವುದೂ ಕೈಯಲ್ಲಿರಲಿಲ್ಲ. ಡೆನಿಸ್ ಗೊನ್ಸಾಲ್ವೆಸ್ ಅವರ ತಂಡ ವೈರಸ್ಸಿನದ್ದೇ ಕವಚದ ಜೀನನ್ನು ಪಪ್ಪಾಯಿಗೆ ಸೇರಿಸಿತು. ಗಿಡ ವೈರಸ್ಸನ್ನು ತಡೆದು ನಿಂತಿತು. 1998ರಲ್ಲಿ ಬೀಜ ರೈತರಿಗೆ ಸಿಕ್ಕಿತು. ಬೇರೆ ಉಪಾಯವೇ ಇರಲಿಲ್ಲ, ಹಾಗಾಗಿ ಇಲ್ಲಿ ಕೊಡಲಿ ಎತ್ತಿದ್ದು ನ್ಯಾಯ.

ಬಿಟಿ ಹತ್ತಿಯ ಲೆಕ್ಕ ಅಷ್ಟು ನೇರವಲ್ಲ. ಮಣ್ಣಿನ ಬ್ಯಾಕ್ಟೀರಿಯಾದ ಒಂದು ಪ್ರೋಟೀನ್ ಕಾಯಿಕೊರಕದ ಕರುಳಿನಲ್ಲಿ ತೂತು ಕೊರೆಯುತ್ತದೆ. ಆ ಹುಳುವಿನ ಕರುಳಿನಲ್ಲಿ ಪ್ರೋಟೀನ್ ಅಂಟಿಕೊಳ್ಳಲು ಕೊಂಡಿಗಳಿವೆ, ಮನುಷ್ಯರ ಕರುಳಿನಲ್ಲಿ ಅವಿಲ್ಲ. ಆರಂಭದಲ್ಲಿ ಕೀಟನಾಶಕ ಸಿಂಪಡಿಸುವುದು ಕಡಿಮೆಯಾಯಿತು. ಆದರೆ ಹೊಲದ ಎಲ್ಲ ಗಿಡವೂ ಅದೇ ವಿಷ ಹೊತ್ತು ನಿಂತಾಗ, ಅದನ್ನು ತಾಳಿಕೊಳ್ಳುವ ಹುಳಗಳೇ ಉಳಿದು ಸಂತಾನ ಬೆಳೆಸುತ್ತವೆ. ಅದಕ್ಕೇ ಪಕ್ಕದಲ್ಲಿ ಸಾದಾ ಹತ್ತಿಯ ಪಟ್ಟಿ ಬಿಡಬೇಕು ಎಂಬ ನಿಯಮ. ಪಟ್ಟಿ ಬಿಡದ ಕಡೆ ಗುಲಾಬಿ ಕಾಯಿಕೊರಕ ತಿರುಗಿ ಬಂತು. ತಪ್ಪು ಜೀನಿನದ್ದಲ್ಲ, ಬಳಸಿದ ಬಗೆಯದ್ದು ಎಂಬುದು ನನ್ನ ಅಭಿಪ್ರಾಯ.

ಐದನೆಯದು ಜೀನ್ ತಿದ್ದುವುದು. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪಾಂಟಿಯೆ ಕ್ರಿಸ್ಪರ್ ಕತ್ತರಿಯನ್ನು ತೋರಿಸಿದರು, 2020ರಲ್ಲಿ ನೊಬೆಲ್ ಬಂತು. ಇರುವ ಜೀನನ್ನು ಆರಿಸಿದ ಜಾಗದಲ್ಲೇ ಕತ್ತರಿಸಿ ನಿಲ್ಲಿಸಲು ಇದು ಬಹಳ ಚೆನ್ನ. ಇಲ್ಲದ ಗುಣವನ್ನು ಹೊಸದಾಗಿ ತರಲು ಅಷ್ಟು ಸಲೀಸಲ್ಲ.

ಇಲ್ಲೊಂದು ತಮಾಷೆ ಇದೆ. 2018ರಲ್ಲಿ ಯುರೋಪಿನ ನ್ಯಾಯಾಲಯ ಹೀಗೆ ತಿದ್ದಿದ ಬೆಳೆಗೂ ಕುಲಾಂತರಿಯ ಬಿಗಿ ನಿಯಮವೇ ಅನ್ವಯ ಎಂದಿತು. ವಿಕಿರಣ ಬಡಿದು ಕುರುಡಾಗಿ ಬದಲಿಸಿದ ತಳಿಗಳಿಗೆ ಮಾತ್ರ ವಿನಾಯಿತಿ, ಅವು ಹಳೆಯ ಕಾಲದಿಂದ ನಡೆದು ಬಂದಿವೆ ಅಂತ. ಒಂದು ಅಕ್ಷರ ನೋಡಿ ತಿದ್ದಿದವನಿಗೆ ತನಿಖೆ, ಪುಟವನ್ನೇ ಹರಿದವನಿಗೆ ರಿಯಾಯಿತಿ! 2023ರಲ್ಲಿ ಈ ನಿಯಮ ಸಡಿಲಿಸುವ ಪ್ರಸ್ತಾವ ಬಂತು.

ಲಸಿಕೆ ಮತ್ತು ಪರೀಕ್ಷೆ, ಬೇಗ ಬೇಗ

ಲಸಿಕೆಯಲ್ಲಿ ಯಾವುದು ಒಳ್ಳೆಯದು ಎಂಬುದು ವೇಗ, ಬಲ, ಶೀತಪೆಟ್ಟಿಗೆ ಈ ಮೂರರ ಜಗ್ಗಾಟ. ಬಲ ಕುಂದಿಸಿದ ಜೀವಂತ ವೈರಸ್ ಗಟ್ಟಿ ರಕ್ಷಣೆ ಕೊಡುತ್ತದೆ. ಪೋಲಿಯೋ ಹನಿ ಅಂಥದ್ದು. ಆದರೆ ತೀರಾ ಅಪರೂಪಕ್ಕೆ ಅದೇ ವೈರಸ್ ಬಲ ಮರಳಿ ಪಡೆಯುತ್ತದೆ. ಸಾಯಿಸಿದ ವೈರಸ್ಸಿನ ಚುಚ್ಚುಮದ್ದಿಗೆ ಆ ಭಯವಿಲ್ಲ, ಆದರೆ ಕರುಳಿನಲ್ಲಿ ತಡೆ ಅಷ್ಟು ಗಟ್ಟಿಯಾಗಿ ನಿಲ್ಲದು. ವೈರಸ್ಸಿನ ಬದಲು ಅದರ ಒಂದು ಪ್ರೋಟೀನ್ ಮಾಡುವ ಬರಹವನ್ನಷ್ಟೇ ದೇಹಕ್ಕೆ ಕೊಡುವ ಎಂಆರ್‌ಎನ್‌ಎ ಲಸಿಕೆಯ ದೊಡ್ಡ ಬಲ ವೇಗ. ಕೊರೊನಾ ವೈರಸ್ಸಿನ ಜೀನ್ ಬರಹ 2020ರ ಜನವರಿಯಲ್ಲಿ ಹೊರಬಂತು, ಮಾರ್ಚ್ 16ಕ್ಕೆ ಮೊದಲ ಪ್ರಯೋಗದ ಚುಚ್ಚುಮದ್ದು ಕೊಟ್ಟಾಗಿತ್ತು. ಆದರೆ ಫೈಜರ್ ಲಸಿಕೆಯನ್ನು ಮೊದಮೊದಲು ಮೈನಸ್ 70 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕಿತ್ತು. ಕರೆಂಟ್ ನೆಚ್ಚಿಕೊಳ್ಳಲಾಗದ ಕಡೆ ಸಾಮಾನ್ಯ ಫ್ರಿಜ್‌ನಲ್ಲಿ ಉಳಿಯುವ ಲಸಿಕೆಯೇ ಮೇಲು, ರಕ್ಷಣೆಯ ಅಂಕಿಯಲ್ಲಿ ಸ್ವಲ್ಪ ಕಡಿಮೆ ಇದ್ದರೂ.

ಪರೀಕ್ಷೆಗಳಲ್ಲಿ ಗೊಂದಲ ಬೇಡ. ಈಗ ಸೋಂಕಿದೆಯೇ ಅಂತ ಖಚಿತವಾಗಿ ತಿಳಿಯಲು ಪಿಸಿಆರ್. ಅದು ಡಿಎನ್‌ಎಯನ್ನು ಪ್ರತಿ ಸುತ್ತಿಗೂ ಇಮ್ಮಡಿ ಮಾಡುತ್ತದೆ, 30 ಸುತ್ತಿಗೆ ಮತ್ತದೇ 107 ಕೋಟಿ. ಅಷ್ಟು ಚುರುಕಾದ್ದರಿಂದಲೇ ಸತ್ತ ವೈರಸ್ಸಿನ ಚೂರನ್ನೂ ವಾರಗಟ್ಟಲೆ ತೋರಿಸುತ್ತಿರುತ್ತದೆ. ಇವತ್ತು ಬೇರೆಯವರಿಗೆ ಹರಡುವಷ್ಟು ಇದೆಯೇ ಎಂದು ಬೇಗ ನೋಡಲು ವೈರಸ್ಸಿನ ಪ್ರೋಟೀನನ್ನು ಹುಡುಕುವ ಆ್ಯಂಟಿಜೆನ್ ಪರೀಕ್ಷೆ ಸಾಕು. ಹಿಂದೆ ಬಂದು ಹೋಗಿತ್ತೇ ಅಂತ ಕೇಳುವುದಾದರೆ ಪ್ರತಿಕಾಯ ಪರೀಕ್ಷೆ. ಹೊಸದಾಗಿ ಸೋಂಕು ತಗುಲಿದವರಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರುವುದೇ ಇಲ್ಲ.

ಜೀನ್ ಚಿಕಿತ್ಸೆ: ಹೊರಗೋ, ಒಳಗೋ?

ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುವ ಸಿಕಲ್ ಸೆಲ್ ಕಾಯಿಲೆಗೆ ಕ್ಯಾಸ್ಜೆವಿ ಎಂಬ ಕ್ರಿಸ್ಪರ್ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಕ್ರಿಸ್ಪರ್‌ನಿಂದ ಮಾಡಿದ ಚಿಕಿತ್ಸೆಗೆ ಸಿಕ್ಕ ಮೊದಲ ಒಪ್ಪಿಗೆ ಅದು. ರೋಗಿಯ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಹೊರತೆಗೆದು, ಲ್ಯಾಬಿನಲ್ಲಿ ತಿದ್ದಿ, ಪರೀಕ್ಷಿಸಿ ಮರಳಿಸುತ್ತಾರೆ. ತಿದ್ದುವುದು ಕೆಟ್ಟ ಜೀನನ್ನಲ್ಲ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ನನ್ನು ಹುಟ್ಟಿದ ಮೇಲೆ ಅದುಮಿ ಇಡುವ ಒಂದು ಸ್ವಿಚ್ಚನ್ನು ಆಫ್ ಮಾಡುತ್ತಾರೆ, ಆಗ ಆ ಹಳೇ ಹಿಮೋಗ್ಲೋಬಿನ್ ಮತ್ತೆ ಬಂದು ಕೆಲಸ ನಿಭಾಯಿಸುತ್ತದೆ. ಹೊರಗೆ ತಿದ್ದುವುದರ ಲಾಭ, ತಪ್ಪಾಗಿದ್ದರೆ ದೇಹಕ್ಕೆ ಹಾಕುವ ಮೊದಲೇ ಗೊತ್ತಾಗುವ ಅವಕಾಶ. ಕಷ್ಟ ಏನೆಂದರೆ, ತಿದ್ದಿದ ಕೋಶಗಳಿಗೆ ಜಾಗ ಮಾಡಲು ಅಸ್ಥಿಮಜ್ಜೆಯನ್ನು ಕಠಿಣ ಔಷಧಿಯಿಂದ ಖಾಲಿ ಮಾಡಬೇಕು. ಅದು ಸಣ್ಣ ಸಂಕಟವಲ್ಲ.

ಕಣ್ಣನ್ನಾಗಲಿ ಯಕೃತ್ತನ್ನಾಗಲಿ ಹೊರಗೆ ತೆಗೆದು ತಿದ್ದಲಾಗದು. ಅಲ್ಲಿ ಒಳಗಿನ ದಾರಿಯೇ ಗತಿ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಕ್ಸ್‌ಟರ್ನಾ ಎಂಬ ಕಣ್ಣಿನ ಚಿಕಿತ್ಸೆಯಲ್ಲಿ ಎಎವಿ ಎಂಬ ನಿರುಪದ್ರವಿ ವೈರಸ್ಸಿನ ಬೆನ್ನ ಮೇಲೆ ಜೀನ್ ಹೊರಿಸಿ, ರೆಟಿನಾದ ಅಡಿಗೆ ಚುಚ್ಚುತ್ತಾರೆ. ಆ ವೈರಸ್ಸಿನ ಬುಟ್ಟಿ ಚಿಕ್ಕದು, ಸುಮಾರು 4,700 ಅಕ್ಷರಗಳಷ್ಟೇ ಹಿಡಿಸುತ್ತದೆ. ಸ್ನಾಯುಕ್ಷಯಕ್ಕೆ ಬೇಕಾದ ಡಿಸ್ಟ್ರೋಫಿನ್ ಜೀನಿನ ಮುಖ್ಯ ಬರಹವೇ 11 ಸಾವಿರ ಅಕ್ಷರ. ಹಾಗಾಗಿ ಅದರ ಸಣ್ಣದಾಗಿಸಿದ ರೂಪವನ್ನು ತುರುಕಬೇಕಾಗುತ್ತದೆ. ದೊಡ್ಡ ಬುಟ್ಟಿಯ ರೆಟ್ರೋವೈರಸ್‌ಗಳಿವೆ, ಆದರೆ ಅವು ನಮ್ಮ ಡಿಎನ್‌ಎಯ ಒಳಗೇ ಹೊಕ್ಕು ಕೂರುತ್ತವೆ. 2000ದ ಆಸುಪಾಸಿನಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಹೀಗೆ ಚಿಕಿತ್ಸೆ ಕೊಟ್ಟಾಗ ಕಾಯಿಲೆ ವಾಸಿಯಾಯಿತು. ಕೆಲವು ಮಕ್ಕಳಲ್ಲಿ ವೈರಸ್ ಕೂತ ಜಾಗ ತಪ್ಪಾಗಿ ರಕ್ತದ ಕ್ಯಾನ್ಸರ್ ಬಂತು. ಆಮೇಲೆ ಬಂದ ವಾಹಕಗಳನ್ನು ಈ ಪೆಟ್ಟು ತಿಂದೇ ಬದಲಿಸಿದ್ದು.

ಚೆಲ್ಲಿದ ಎಣ್ಣೆಗೆ ಯಾವ ಬ್ಯಾಕ್ಟೀರಿಯಾ?

ಆನಂದ ಮೋಹನ ಚಕ್ರವರ್ತಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಕಚ್ಚಾ ಎಣ್ಣೆಯ ಹಲವು ಅಂಶಗಳನ್ನು ಒಟ್ಟಿಗೆ ತಿನ್ನುವ ಬ್ಯಾಕ್ಟೀರಿಯಾ ರೂಪಿಸಿದರು. ಬೇರೆ ಬೇರೆ ತಳಿಗಳಲ್ಲಿದ್ದ ಪ್ಲಾಸ್ಮಿಡ್‌ಗಳನ್ನು (ಬ್ಯಾಕ್ಟೀರಿಯಾದ ಪುಟ್ಟ ಡಿಎನ್‌ಎ ಉಂಗುರಗಳು) ಒಂದರಲ್ಲೇ ಕೂಡಿಸಿದ್ದರು. ಪೇಟೆಂಟ್ ಜಗಳ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1980ರಲ್ಲಿ ಐದು ನ್ಯಾಯಾಧೀಶರು ಪರ, ನಾಲ್ವರು ವಿರುದ್ಧ. ಮನುಷ್ಯ ರೂಪಿಸಿದ ಜೀವಂತ ಸೂಕ್ಷ್ಮಜೀವಿಗೂ ಪೇಟೆಂಟ್ ಸಿಗುತ್ತದೆ ಎಂದು ತೀರ್ಪಾಯಿತು.

ಒಂಬತ್ತು ವರ್ಷದ ಮೇಲೆ ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದಲ್ಲಿ ಬಂಡೆಗಳಿಗೆ ಅಪ್ಪಳಿಸಿ ಎಣ್ಣೆ ಚೆಲ್ಲಿತು. ದಡದಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ಮೊದಲೇ ಇದ್ದವು. ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿತ್ತು, ಸಾರಜನಕ ಮತ್ತು ರಂಜಕದ ಕೊರತೆ ಇತ್ತು. ಕಲ್ಲುಗಳ ಮೇಲೆ ಗೊಬ್ಬರ ಹಾಕಿದರು, ಅಲ್ಲಿನ ಬ್ಯಾಕ್ಟೀರಿಯಾಗಳು ಚುರುಕಾದವು. ಚಕ್ರವರ್ತಿಯವರ ಬ್ಯಾಕ್ಟೀರಿಯಾವನ್ನು ಅಲ್ಲಿಗೆ ಯಾರೂ ಒಯ್ಯಲಿಲ್ಲ.